ಲಿಂಕ್ ಬಂದಿದೆ, ಪಿಂಗ್ ಮಾತ್ರ ಇಲ್ಲ

ಪ್ರಶ್ನೆ: ನಾವೇ ವಿನ್ಯಾಸ ಮಾಡಿದ ಬೋರ್ಡಿನಲ್ಲಿ ಲಿನಕ್ಸ್ ಓಡುತ್ತಿದೆ. ಎರಡು ಮಾದರಿಗಳನ್ನು ಬೆರೆಸಿ ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ಕಡತ) ಬರೆದಿದ್ದೇವೆ. ಪ್ಯಾಕೆಟ್ ಕಟ್ಟುವ ‘ಮ್ಯಾಕ್’ ಘಟಕಕ್ಕೂ ಈಥರ್ನೆಟ್ ಕೇಬಲ್ಲಿಗೆ ಸಂಕೇತ ಕಳಿಸುವ ‘ಫೈ’ ಚಿಪ್ಪಿಗೂ ನಡುವಿನ ಹಾದಿ ಯಾವ ಬಗೆಯದೆಂದು ಹೇಳುವ ಫೈ-ಮೋಡ್ ‘ಆರ್‌ಜಿಎಂಐಐ-ಐಡಿ’ ಆಗಿದೆ. ಅದೇ ಕಡತದ ಮ್ಯಾಕ್ ನೋಡ್‌ನಲ್ಲಿ (ಮ್ಯಾಕ್‌ಗೆ ಮೀಸಲಾದ ಭಾಗದಲ್ಲಿ) ಕಳಿಸುವ, ಸ್ವೀಕರಿಸುವ ಎರಡೂ ದಿಕ್ಕಿಗೆ 2000 ಪಿಕೋಸೆಕೆಂಡ್ ವಿಳಂಬವೂ ಇದೆ. ಕೇಬಲ್ ಸಿಕ್ಕಿಸಿದರೆ ದೀಪ ಹೊತ್ತುತ್ತದೆ, 1000 ಎಂಬಿಪಿಎಸ್ ಎಂದೇ ತೋರಿಸುತ್ತದೆ, ಪಿಂಗ್‌ಗೆ ಉತ್ತರವಿಲ್ಲ. ವೇಗವನ್ನು 100ಕ್ಕೆ ಇಳಿಸಿದರೆ ಎಲ್ಲ ಸರಿ. ಫೈ ಚಿಪ್ ಕೆಟ್ಟಿದೆಯೇ?

ಉತ್ತರ: ಚಿಪ್ ಬದಲಿಸುವ ಗೋಜಿಗೆ ಹೋಗಬೇಡಿ. ದೀಪ ಹೊತ್ತಿತೆಂದರೆ ಫೈ ಚಿಪ್ಪಿಗೂ ಕೇಬಲ್ಲಿನ ಆಚೆ ತುದಿಗೂ ಹೊಂದಾಣಿಕೆಯಾಗಿದೆ ಎಂದಷ್ಟೇ ಅರ್ಥ. ಮ್ಯಾಕ್‌ನಿಂದ ಫೈವರೆಗಿನ ಹಾದಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ನಿಮ್ಮ ತೊಂದರೆ ಇರುವುದು ಅಲ್ಲೇ.

ಗಿಗಾಬಿಟ್ ವೇಗದಲ್ಲಿ ಆ ಹಾದಿಯ ಕ್ಲಾಕ್ 125 ಮೆಗಾಹರ್ಟ್ಸ್. ಅದರ ಏರು, ಇಳಿ ಎರಡೂ ಅಂಚುಗಳಲ್ಲಿ ದತ್ತಾಂಶ ಸಾಗುವುದರಿಂದ ಪ್ರತಿ 4 ನ್ಯಾನೋಸೆಕೆಂಡಿಗೊಮ್ಮೆ ಬಿಟ್‌ಗಳು ಬದಲಾಗುತ್ತವೆ. ಕ್ಲಾಕ್ ಅಂಚು ಅವುಗಳ ನಡುಮಧ್ಯಕ್ಕೆ ಬೀಳಲೆಂದೇ ಸುಮಾರು 2 ನ್ಯಾನೋಸೆಕೆಂಡ್ ವಿಳಂಬ ಬೇಕು. ನಿಮ್ಮಲ್ಲಿ ‘ಐಡಿ’ (ಒಳಗಿನ ವಿಳಂಬ) ಎಂದಿರುವುದರಿಂದ ಫೈ 2 ಸೇರಿಸಿದೆ, ಮ್ಯಾಕ್ ಇನ್ನೂ 2 ಸೇರಿಸಿದೆ. ಒಟ್ಟು 4 ಆದಾಗ ಅಂಚು ಬೀಳುವುದು ಬಿಟ್ ಬದಲಾಗುವ ಗಳಿಗೆಗೇ. 100 ಎಂಬಿಪಿಎಸ್‌ನಲ್ಲಿ ಕ್ಲಾಕ್ 25 ಮೆಗಾಹರ್ಟ್ಸ್, ಆವರ್ತ 40 ನ್ಯಾನೋಸೆಕೆಂಡ್. ಅಲ್ಲಿ 4 ಲೆಕ್ಕಕ್ಕೇ ಬರುವುದಿಲ್ಲ.

ಮ್ಯಾಕ್ ನೋಡ್‌ನ ಆ ಎರಡು ಸಾಲುಗಳನ್ನು ಅಳಿಸಿ. ಅವು ಇರುವುದು ಚಿಕ್ಕಪುಟ್ಟ ತಿದ್ದುಪಡಿಗೆ. ಫೈ-ಮೋಡ್ ಅನ್ನು ‘ಆರ್‌ಜಿಎಂಐಐ’ ಎಂದು ಬದಲಿಸಿದರೂ ಪಿಂಗ್ ಬರಬಹುದು, ಆದರೆ ಅದು ಸುಳ್ಳು ವಿವರಣೆ. ಆ ಪದಕ್ಕೆ ‘ವಿಳಂಬ ಬೇಡ’ ಎಂಬ ಅರ್ಥವಿಲ್ಲ. ‘ಬೋರ್ಡಿನ ತಾಮ್ರದ ಗೆರೆಗಳೇ ವಿಳಂಬ ಕೊಡುತ್ತವೆ’ ಎಂದರ್ಥ. 2 ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೆಚ್ಚುವರಿ ಗೆರೆ ಬೇಕಾಗುತ್ತದೆ. ಕ್ಲಾಕ್ ಗೆರೆ ಹಾವಿನಂತೆ ಸುತ್ತಿಲ್ಲದಿದ್ದರೆ ನಿಮ್ಮ ಬೋರ್ಡ್ ಆ ಗುಂಪಿನದಲ್ಲ. ಪಿಸಿಬಿ ಬಿಡಿಸಿದವರನ್ನು ಒಂದು ಮಾತು ಕೇಳಿ. ಪಿಂಗ್ ಬರುವತನಕ ಮೌಲ್ಯ ಬದಲಿಸುತ್ತಾ ಹೋಗುವ ಚಾಳಿ ನನಗೆ ಸೇರದು: ಹಾಗೆ ಗೆದ್ದ ಬೋರ್ಡುಗಳೇ ಮುಂದೆ ಕರ್ನಲ್ ಡ್ರೈವರ್ ಸರಿಪಡಿಸಿದ ದಿನ ಕೈಕೊಡುವುದು.

ಅಳಿಸಿದ ಮೇಲೂ ಪ್ಯಾಕೆಟ್ ಹೋಗದಿದ್ದರೆ ಬೂಟ್ ಲಾಗ್‌ನಲ್ಲಿ ‘ಜೆನೆರಿಕ್ ಫೈ’ ಎಂದಿದೆಯೇ ನೋಡಿ. ಆ ಸಾಮಾನ್ಯ ಡ್ರೈವರಿಗೆ ನಿಮ್ಮ ಚಿಪ್ಪಿನ ವಿಳಂಬ ರಿಜಿಸ್ಟರುಗಳ ಪರಿಚಯವಿಲ್ಲ. ‘ಐಡಿ’ ಎಂದು ಬರೆದರೂ ಅದು ಗಮನಿಸದು. ಚಿಪ್ ತಯಾರಕರ ಡ್ರೈವರನ್ನು ಕರ್ನಲ್ ಸಂರಚನೆಯಲ್ಲಿ ಸೇರಿಸಿ, ಮತ್ತೆ ಕಟ್ಟಿ.