ಬಂದರು ಧರ್ಮಛತ್ರವಲ್ಲ

ಹೊನ್ನಾವರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಸ್ಪೇನಿನ ಹಡಗುಗಳ ಕತ್ತಿಮೀನಿಗೆ ಚಿಲಿ ತನ್ನ ಬಂದರುಗಳನ್ನು ಮುಚ್ಚಿದ ಬಗ್ಗೆ ನಾನು ಬರೆದುದನ್ನು ಓದಿ, ನಾಲ್ಕು ಪುಟಗಳ ಪತ್ರ ಕಳಿಸಿದ್ದಾರೆ. ‘ದೂರದಿಂದ ಬಂದ ಹಡಗಿಗೆ ಬಂದರು ಧರ್ಮಛತ್ರವಿದ್ದಂತೆ. ಯಾರ ಒಡೆತನವೂ ಇಲ್ಲದ ಮುಕ್ತ ಸಾಗರದಲ್ಲಿ ಹಿಡಿದ ಮೀನನ್ನು ಇಳಿಸಲು ಬಿಡದೆ ಬಾಗಿಲು ಹಾಕಿಕೊಂಡ ದೇಶವನ್ನು ನೀವು ಹೊಗಳಿದ್ದು ಸರಿಯೇ? ಕೊನೆಗೆ ಗೆದ್ದವರಾದರೂ ಯಾರು?’ ಎಂಬುದು ಅವರ ಪ್ರಶ್ನೆ.

ಸಮುದ್ರದ ಕಾನೂನನ್ನು ಇಷ್ಟು ಶ್ರದ್ಧೆಯಿಂದ ಓದಿಕೊಂಡ ಓದುಗರು ಇದ್ದಾರೆಂಬುದೇ ನನಗೆ ಸಂತೋಷ. ಬಿರುಗಾಳಿಗೆ ಸಿಕ್ಕ ಹಡಗನ್ನು, ಕಾಯಿಲೆ ಬಿದ್ದ ನಾವಿಕನನ್ನು ಯಾವ ಬಂದರೂ ಹೊರಗಟ್ಟಬಾರದು ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸ್ಪೇನಿನ ಹಡಗುಗಳು ಚಿಲಿಯ ಬಾಗಿಲಿಗೆ ಬಂದದ್ದು ಆಶ್ರಯ ಕೇಳಿಕೊಂಡಲ್ಲ. ಆಗ್ನೇಯ ಪೆಸಿಫಿಕ್‌ನಲ್ಲಿ ಹಿಡಿದ ಕತ್ತಿಮೀನನ್ನು ಅಲ್ಲಿ ಇಳಿಸಿ, ಅಲ್ಲಿಂದಲೇ ಅಮೆರಿಕದ ಮಾರುಕಟ್ಟೆಗೆ ಸಾಗಿಸಬೇಕೆಂಬುದು ಅವುಗಳ ಉದ್ದೇಶವಾಗಿತ್ತು. ಛತ್ರದಲ್ಲಿ ಇಳಿದುಕೊಂಡವನು ಉಂಡು ಮಲಗಿ ಹೋಗುತ್ತಾನೆಯೇ ಹೊರತು, ಊರಿನ ಕೆರೆಯಂಚಿನಲ್ಲಿ ಬಲೆ ಹಾಕಿ ಬಂದು ಛತ್ರದ ಜಗಲಿಯಲ್ಲೇ ಅಂಗಡಿ ತೆರೆಯುವುದಿಲ್ಲ.

ಕತ್ತಿಮೀನು ಒಂದೆಡೆ ನಿಲ್ಲುವ ಜೀವಿಯಲ್ಲ. ಕರಾವಳಿಯಿಂದ ಇನ್ನೂರು ಮೈಲಿವರೆಗಿನ ಮೀನು ಆ ದೇಶದ ಹಕ್ಕು ಎನ್ನುವ ಗಡಿ ಅದಕ್ಕೆ ಗೊತ್ತಿಲ್ಲ. ಆ ಇನ್ನೂರು ಮೈಲಿಯ ಕಲ್ಪನೆಯನ್ನು 1947ರಷ್ಟು ಹಿಂದೆಯೇ ಘೋಷಿಸಿ, 1952ರಲ್ಲಿ ಪೆರು ಮತ್ತು ಈಕ್ವೆಡಾರ್‌ಗಳ ಜೊತೆ ಸ್ಯಾಂಟಿಯಾಗೋದಲ್ಲಿ ಸಾರಿದ ದೇಶವೇ ಚಿಲಿ. ಮೀನಿನ ಸಂತತಿ ಕುಗ್ಗುವ ಭಯ ಕಾಣಿಸಿದಾಗ ಅದು ಮೊದಲು ಕೈಕಟ್ಟಿದ್ದು ತನ್ನವರದೇ: ಇಷ್ಟಕ್ಕಿಂತ ಚಿಕ್ಕ ಮೀನನ್ನು ಹಿಡಿಯಬಾರದೆಂದಿತು, ಹೊಸ ಪರವಾನಗಿಗಳನ್ನು ನಿಲ್ಲಿಸಿತು. ಗಡಿಯಾಚೆ ನಿಂತು ಆ ನಿಯಮಗಳನ್ನು ಲೆಕ್ಕಿಸದೆ ಅದೇ ಮೀನನ್ನು ಹಿಡಿದವರಿಗೆ 1991ರಲ್ಲಿ ಅದು ಹೇಳಿದ್ದು ಇಷ್ಟೇ: ಆ ಮೀನು ನಮ್ಮ ಧಕ್ಕೆಯಲ್ಲಿ ಇಳಿಯಕೂಡದು. ಗಡಿಯ ಹೊರಗಿನ ಹಡಗನ್ನು ತಡೆಯಲು ಅದಕ್ಕೆ ಅಧಿಕಾರವಿರಲಿಲ್ಲ, ಮೀನು ಕದ್ದದ್ದಲ್ಲ ಎಂಬುದೂ ನಿಜ. ಹಾಗಾಗಿ ತನ್ನ ಕೈಯಲ್ಲಿದ್ದ ಒಂದೇ ಒಂದು ಅಗುಳಿಯನ್ನು ಅದು ಹಾಕಿತು.

2000ದಲ್ಲಿ ಸ್ಪೇನ್ ಸದಸ್ಯನಾಗಿರುವ ಯುರೋಪಿನ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು, ಸರಕಿನ ಸಾಗಣೆಗೆ ಅಡ್ಡಿಯಾಗಿದೆ ಎಂದಿತು. ಸಂರಕ್ಷಣೆಯ ಹೊಣೆ ನಿಮಗೂ ಇದೆ ಎಂಬ ಚಿಲಿಯ ವಾದ ಹ್ಯಾಂಬರ್ಗ್‌ನ ಸಾಗರ ಕಾನೂನಿನ ನ್ಯಾಯಮಂಡಳಿಯನ್ನು ಮುಟ್ಟಿತು. ಒಂದೇ ಮೀನಿಗೆ ಎರಡು ನ್ಯಾಯಪೀಠಗಳು! ಇಲ್ಲೇ ನನ್ನ ಹಳೆಯ ಸಂಕಟವನ್ನು ಹೇಳಿಬಿಡಬೇಕು. ವ್ಯಾಪಾರದ ಕಾನೂನಿಗೆ ಮೀನು ಕಣ್ಣಿಗೆ ಬೀಳುವುದು ಅದು ಸತ್ತು, ಮಂಜುಗಡ್ಡೆಯ ಪೆಟ್ಟಿಗೆ ಸೇರಿದ ಮೇಲೆ. ನೀರಿನಲ್ಲಿ ಈಜುತ್ತಿರುವಾಗ, ಮೊಟ್ಟೆಯಿಡುವಾಗ ಅದಕ್ಕೆ ಆ ಲೆಕ್ಕದ ಪುಸ್ತಕದಲ್ಲಿ ಸ್ಥಳವಿಲ್ಲ. ಕಾಡಿನ ಮರಕ್ಕೂ ಇದೇ ಗತಿ, ನದಿಯ ಮರಳಿಗೂ ಇದೇ ಗತಿ.

ಮಲ್ಪೆಯ ಬಂದರಿನಲ್ಲಿ ಒಮ್ಮೆ ಜೂನ್ ತಿಂಗಳ ಮಳೆಯಲ್ಲಿ ನಿಂತಿದ್ದೆ. ಯಾಂತ್ರಿಕ ದೋಣಿಗಳು ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವು ಕಡಲಿಗಿಳಿಯುವಂತಿಲ್ಲ. ತಾಡಪಾಲಿನ ಕೆಳಗೆ ಕುಳಿತು ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಬಲೆಯ ಕಣ್ಣಿನೊಳಗೆ ತಮ್ಮ ಹೆಬ್ಬೆರಳನ್ನು ತೂರಿಸಿ, ‘ಮರಿ ಇಲ್ಲಿಂದ ಪಾರಾಗಬೇಕು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಕಟ್ಟಿಹಾಕಿದ ದಿನಗಳಲ್ಲಿ ಇನ್ಯಾರೋ ಬಾಚಿಕೊಂಡು ಹೋದರೆ, ನಾವು ಕಟ್ಟಿಹಾಕಿದ್ದು ಯಾರಿಗಾಗಿ?’ ಎಂದು ಕೇಳಿದರು. ಚಿಲಿ ಕೇಳಿದ್ದೂ ಇದೇ ಪ್ರಶ್ನೆಯನ್ನು.

ಓದುಗರು ಇನ್ನೊಂದನ್ನೂ ಗಮನಿಸಬೇಕಿತ್ತು. ಡೆನ್ಮಾರ್ಕ್‌ಗೆ ಸೇರಿದರೂ ಒಕ್ಕೂಟದ ಹೊರಗಿರುವ ಸ್ವಯಮಾಡಳಿತದ ಫೆರೋ ದ್ವೀಪಗಳು 2013ರಲ್ಲಿ, ಹಲವು ದೇಶಗಳು ಹಂಚಿಕೊಳ್ಳುವ ಹೆರಿಂಗ್ ಮೀನಿನಲ್ಲಿ ತಮ್ಮ ಪಾಲನ್ನು ಶೇ 5ರ ಆಸುಪಾಸಿನಿಂದ ಶೇ 17ಕ್ಕೆ ತಾವೇ ಏರಿಸಿಕೊಂಡಾಗ, ಆ ಹೆರಿಂಗ್‌ಗೂ ಅದನ್ನು ಹಿಡಿಯುವ ಹಡಗುಗಳಿಗೂ ತನ್ನ ಬಂದರುಗಳನ್ನು ಮುಚ್ಚಿದ್ದು ಅದೇ ಯುರೋಪಿನ ಒಕ್ಕೂಟ, ಅದೂ ಸಂರಕ್ಷಣೆಯ ಹೆಸರಿನಲ್ಲಿ. ಒಕ್ಕೂಟದ ಸದಸ್ಯ ದೇಶವೇ ಆದ ಡೆನ್ಮಾರ್ಕ್ ಫೆರೋದ ಪರವಾಗಿ ಅದರ ಮೇಲೆ ದೂರು ಕೊಡಬೇಕಾಯಿತು. ಬಂದರಿನ ಬಾಗಿಲು ಬಲಾಢ್ಯರ ಕೈಯಲ್ಲಿ ಚಿಕ್ಕವರನ್ನು ಮಣಿಸುವ ಆಯುಧವಾಗಬಹುದೆಂದು ಈ ಓದುಗರು ಪತ್ರದಲ್ಲಿ ಹೇಳಿಕೊಂಡ ಅಂಜಿಕೆಯಲ್ಲಿ ಹುರುಳಿದೆ. ಆದರೆ ಬಾಗಿಲು ಹಾಕುವ ಹಕ್ಕು ಬಲಾಢ್ಯರಿಗೆ ಇದ್ದು ಚಿಲಿಗೆ ಇಲ್ಲದಿದ್ದರೆ ಅದು ಯಾವ ನ್ಯಾಯ? 2009ರಲ್ಲಿ ರೂಪುಗೊಂಡು 2016ರ ಜೂನ್ 5ರಿಂದ ಜಾರಿಯಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಒಪ್ಪಂದವು, ಅಕ್ರಮವಾಗಿ ಮೀನು ಹಿಡಿದ ಪರದೇಶದ ಹಡಗಿಗೆ ಪ್ರವೇಶವನ್ನೂ ಇಂಧನವನ್ನೂ ನಿರಾಕರಿಸುವುದನ್ನು ಬಂದರಿನ ಕರ್ತವ್ಯವೆಂದೇ ಬರೆದಿದೆ. ಆಪತ್ತಿಗೆ ಸಿಕ್ಕ ಹಡಗಿಗೆ ಮಾತ್ರ ವಿನಾಯಿತಿ ಇಟ್ಟಿದೆ.

ಗೆದ್ದವರು ಯಾರೆಂದು ಕೇಳಿದ್ದೀರಿ. 2001ರ ಆರಂಭದಲ್ಲೇ ಎರಡೂ ಪಕ್ಷಗಳು ತಾತ್ಕಾಲಿಕ ಒಪ್ಪಂದ ಮಾಡಿಕೊಂಡು ಮೊಕದ್ದಮೆಗಳನ್ನು ತಡೆಹಿಡಿದವು. 2009ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಮೊಕದ್ದಮೆ ಪಟ್ಟಿಯಿಂದ ಹೊರಬಿತ್ತು, ಮರುವರ್ಷ ವ್ಯಾಪಾರ ಸಂಸ್ಥೆಯದೂ ಕೊನೆಗೊಂಡಿತು. ಆ ಅಗುಳಿ ಹಾಕಿದ್ದು ತಪ್ಪೆಂದಾಗಲಿ ಸರಿಯೆಂದಾಗಲಿ ಯಾವ ಪೀಠವೂ ತೀರ್ಪು ಬರೆಯಲಿಲ್ಲ. ಮುಂದಿನ ಜೂನ್‌ನಲ್ಲಿ ಶರಾವತಿಯ ಅಳಿವೆಗೆ ಹೋಗಿ, ಕಟ್ಟಿಹಾಕಿದ ದೋಣಿಗಳ ನಡುವೆ ಬಲೆ ಹೆಣೆಯುವವರ ಪಕ್ಕದಲ್ಲಿ ಕುಳಿತು ನಿಮ್ಮ ಛತ್ರದ ಮಾತನ್ನು ಅವರಿಗೆ ಹೇಳಿ ನೋಡಿ. ಅವರು ಕೊಟ್ಟ ಉತ್ತರವನ್ನು ನನಗೆ ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇನೆ.