ಪಕ್ಕದ ಸೀಟಿನವರು ಪುಸ್ತಕ ಓದಿಲ್ಲ

ಪತ್ರ: ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದಾಗ ಟೋಲ್ಕಿನ್ ಅವರ 'ದ ಲಾರ್ಡ್ ಆಫ್ ದ ರಿಂಗ್ಸ್' ಓದಿದ್ದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದು. ನಮ್ಮ ಮನೆಯವರು ದಾಲ್ ಮಿಲ್ ನೋಡಿಕೊಳ್ಳುತ್ತಾರೆ, ಕಥೆ ಪುಸ್ತಕ ಮುಟ್ಟುವವರಲ್ಲ. ಆ ಪುಸ್ತಕದ ಮೂರೂ ಸಿನಿಮಾ ಮತ್ತೆ ಥಿಯೇಟರ್‌ಗೆ ಬಂದಾಗ ಇಬ್ಬರೂ ಹೋದೆವು, ಹಿಂದಿ ಡಬ್ಬಿಂಗ್. "ಪುಸ್ತಕದಾಗ ಹಿಂಗಿಲ್ಲ" ಅಂತ ನಾನು ಹೇಳುತ್ತಲೇ ಇದ್ದೆ. "ಸುಮ್ನ ಕೂಡು, ನಾ ಸಿನಿಮಾ ನೋಡ್ಲಾಕತ್ತೀನಿ" ಅಂದರು. ಕೊನೆಗೆ, "ಆ ಹದ್ದಿನ ಮ್ಯಾಲ ಕುಂತು ಮೊದಲೇ ಹೋಗಿದ್ರ ಮುಗೀತಿತ್ತಲ್ಲ?" ಅಂದಾಗ ನನಗೆ ಅಳುವೇ ಬಂತು. ಇನ್ಮೇಲೆ ಇಂಥ ಸಿನಿಮಾಕ್ಕೆ ಒಬ್ಬಳೇ ಹೋಗಲೇ? ಅಥವಾ ಅವರಿಗೆ ಪುಸ್ತಕ ಓದಿಸಲೇ?
— ಓದುಗರು, ಕಲಬುರಗಿ

ಸಂಪಾದಕರ ಉತ್ತರ: ಒಬ್ಬರೇ ಹೋಗಬೇಡಿ. ಓದಿಸುವ ಹಟಕ್ಕೂ ಬೀಳಬೇಡಿ. ಮುಂದಿನ ಸಲವೂ ಅವರನ್ನೇ ಕರೆದುಕೊಂಡು ಹೋಗಿ.

ಹದ್ದಿನ ಪ್ರಶ್ನೆಯಿಂದಲೇ ಶುರು ಮಾಡೋಣ. ಉಂಗುರ ಹೊತ್ತು ಹೋದ ಫ್ರೋಡೋನನ್ನು ಕೊನೆಯಲ್ಲಿ ಹದ್ದುಗಳು ಬಂದು ಕಾಪಾಡುತ್ತವಲ್ಲ, ಅದೇ. ನಿಮಗೆ ಅದು ಕಥೆಗೆ ಮಾಡಿದ ಅವಮಾನ ಅನ್ನಿಸಿದೆ. ನನಗೆ ಹಾಗನ್ನಿಸಲಿಲ್ಲ. ಆ ಕೆಟ್ಟ ಶಕ್ತಿಯ ಉಂಗುರವನ್ನು ನಾಶಮಾಡಲು ಬೆಂಕಿಬೆಟ್ಟಕ್ಕೆ ಹಾಕಬೇಕು ಅಂತ ಇಷ್ಟು ಜನ ಇಷ್ಟು ಕಷ್ಟಪಟ್ಟರಲ್ಲ, ಹತ್ತಿರದ ದಾರಿ ಇರಲಿಲ್ಲವಾ ಅಂತ ಕೇಳುವವರು ಕಥೆಯನ್ನು ಮನಸ್ಸಿಟ್ಟು ನೋಡಿದವರೇ. ಪುಸ್ತಕವನ್ನು ಬಾಯಿಪಾಠ ಮಾಡಿದವರೂ ಇದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಉಂಗುರವನ್ನು ಏನು ಮಾಡುವುದು ಅಂತ ತೀರ್ಮಾನಿಸುವ ಎಲ್ರಾಂಡ್‌ನ ಸಭೆ ನೆನಪಿದೆಯಲ್ಲ? ಹದ್ದೊಂದು ತನ್ನನ್ನು ಗೋಪುರದ ಮೇಲಿಂದ ಹೊತ್ತೊಯ್ದ ಕಥೆಯನ್ನು ಮಾಂತ್ರಿಕ ಗ್ಯಾಂಡಾಲ್ಫ್ ಅಲ್ಲೇ ಹೇಳುತ್ತಾನೆ. ಆದರೂ ಉಂಗುರವನ್ನು ಹದ್ದಿನ ಮೇಲೆ ಕಳಿಸೋಣ ಅಂತ ಯಾರೊಬ್ಬರೂ ಬಾಯಿ ಬಿಡುವುದಿಲ್ಲ. ಒಂದು ಸಣ್ಣ ಸುಳಿವು ಮಾತ್ರ ಇದೆ. ಎಷ್ಟು ದೂರ ಹೊತ್ತುಕೊಂಡು ಹೋಗಬಲ್ಲೆ ಅಂತ ಗ್ಯಾಂಡಾಲ್ಫ್ ಕೇಳಿದಾಗ ಆ ಹದ್ದು, ದೂರವೇನೋ ಹೋಗಬಲ್ಲೆ, ಭೂಮಿಯ ಕೊನೆಯವರೆಗೆ ಅಲ್ಲ, ನನ್ನನ್ನು ಕಳಿಸಿದ್ದು ಸುದ್ದಿ ಹೊರಲು, ಹೊರೆ ಹೊರಲು ಅಲ್ಲ ಅನ್ನುತ್ತದೆ. ಇದನ್ನು ನಿಮ್ಮ ಮನೆಯವರಿಗೆ ಹೇಳಿ ನೋಡಿ. ಒಪ್ಪುತ್ತಾರೋ ಇಲ್ಲವೋ, ಮಾತಂತೂ ಬೆಳೆಯುತ್ತದೆ.

ಇನ್ನು "ಪುಸ್ತಕದಾಗ ಹಿಂಗಿಲ್ಲ" ಅನ್ನುವ ನಿಮ್ಮ ಸಂಕಟ. ಅದು ನನಗೂ ಗೊತ್ತು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಪುಸ್ತಕದಲ್ಲಿ, ಫ್ರೋಡೋಗೆ ಉಂಗುರ ಬಿಟ್ಟುಹೋದ ಬಿಲ್ಬೋನ ಹುಟ್ಟುಹಬ್ಬದಿಂದ ಫ್ರೋಡೋ ಊರು ಬಿಡುವವರೆಗೆ 17 ವರ್ಷ ಕಳೆಯುತ್ತವೆ. ಸಿನಿಮಾದಲ್ಲಿ ಕೆಲವೇ ದೃಶ್ಯಗಳಲ್ಲಿ ಅವನು ಗಂಟು ಕಟ್ಟಿಕೊಂಡು ಹೊರಟೇಬಿಡುತ್ತಾನೆ. ಟಾಮ್ ಬೊಂಬಾಡಿಲ್ ಅನ್ನುವವನು ಇಲ್ಲವೇ ಇಲ್ಲ. ಇವೆಲ್ಲ ಹೊತ್ತು ಸಾಲದೆ ಬಿಟ್ಟಿದ್ದು. ಮೂರನೆಯ ಸಿನಿಮಾ ಹಾಗೂ ಹೀಗೂ ಮೂರು ಗಂಟೆ ಇಪ್ಪತ್ತು ನಿಮಿಷ ಓಡುತ್ತದೆ. ಇನ್ನೂ ಸೇರಿಸಿದ್ದರೆ ಯಾರು ಕೂರುತ್ತಿದ್ದರು?

ಆದರೆ ದಾರಿಯಲ್ಲಿ ಫ್ರೋಡೋಗೆ ಎದುರಾಗುವ ಸೇನಾನಿ ಫರಾಮಿರ್ ವಿಷಯ ಬೇರೆ. ನಿಮಗೆ ಅಲ್ಲೇ ಜಾಸ್ತಿ ನೋವಾಗಿರಬೇಕು. ಪುಸ್ತಕದ ಫರಾಮಿರ್, ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರ ಎತ್ತಿಕೊಳ್ಳುವುದಿಲ್ಲ ಅನ್ನುವ ಮನುಷ್ಯ. ಸಿನಿಮಾದ ಫರಾಮಿರ್ ಮೊದಲು ಆಸೆಪಡುತ್ತಾನೆ, ಫ್ರೋಡೋನನ್ನು ಹಿಡಿದು ತನ್ನವರ ನಗರದ ಕಡೆ ಎಳೆದೊಯ್ಯುತ್ತಾನೆ, ಆಮೇಲೆ ಬಿಡುತ್ತಾನೆ. ಯಾಕೆ ಹೀಗೆ ಮಾಡಿದರು? ಪುಸ್ತಕದ ಎರಡನೆಯ ಸಂಪುಟ ಮುಗಿಯುವುದು ದೈತ್ಯ ಜೇಡದ ಗವಿಯಲ್ಲಿ. ಸಿನಿಮಾದವರು ಆ ಜೇಡವನ್ನು ಮೂರನೆಯ ಭಾಗಕ್ಕೆ ದಾಟಿಸಿದರು. ಹಾಗಾಗಿ ಎರಡನೆಯ ಸಿನಿಮಾದ ಕೊನೆಗೆ ಫ್ರೋಡೋಗೆ ಎದುರಾಗಲು ಏನಾದರೂ ಬೇಕಾಯಿತು. ಅಲ್ಲಿಯವರೆಗೆ ನೋಡಿದವರನ್ನೆಲ್ಲ ಮರುಳು ಮಾಡಿದ ಉಂಗುರಕ್ಕೆ ಒಬ್ಬ ಸುಮ್ನೆ ಬೇಡ ಅಂದುಬಿಟ್ಟರೆ, ಪುಸ್ತಕ ಓದದವರಿಗೆ ಅದರ ಭಯವೇ ಹೋಗಿಬಿಡುತ್ತದೆ ಅನ್ನುವ ಲೆಕ್ಕವೂ ಇತ್ತು. ಕಾರಣ ನನಗೆ ಅರ್ಥವಾಗುತ್ತದೆ. ಮನಸ್ಸು ಮಾತ್ರ ಪುಸ್ತಕದ ಫರಾಮಿರ್ ಕಡೆಗೇ ಇದೆ. ಅಂಥ ಒಬ್ಬ ಇರಬಲ್ಲ ಅನ್ನುವ ಧೈರ್ಯ ಆ ಪುಸ್ತಕ ಕೊಡುತ್ತದೆ.

ಇದು ಟೋಲ್ಕಿನ್ ಓದುಗರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ತ.ರಾ.ಸು.ಗೆ ಸಮಾಧಾನವಾಗಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಬರೆದವರ ನೋವು ನಿಜ. ಚಾಮಯ್ಯ ಮೇಷ್ಟ್ರನ್ನು ಎದೆಯಲ್ಲಿಟ್ಟುಕೊಂಡ ಲಕ್ಷಾಂತರ ಜನರ ಪ್ರೀತಿಯೂ ನಿಜ. ಅವರಲ್ಲಿ ಎಷ್ಟೋ ಜನ ಕಾದಂಬರಿ ಓದಿದವರಲ್ಲ. ಅವರ ಪ್ರೀತಿ ಕಡಿಮೆ ದರ್ಜೆಯದು ಅಂತ ಹೇಳಲು ನಾನು ಒಪ್ಪುವುದಿಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ದೊಡ್ಡಾಟ ನೆನಪು ಮಾಡಿಕೊಳ್ಳಿ. ಕಂಬಳಿ ಹಾಸಿ ಕೂತ ಅಜ್ಜಿಗೆ ಕಥೆ ಪೂರ್ತಿ ಗೊತ್ತು, ತೊಡೆಯ ಮೇಲಿನ ಮೊಮ್ಮಗನಿಗೆ ಏನೂ ಗೊತ್ತಿಲ್ಲ. "ಮುಂದ ಏನಾಗ್ತದ ಆಯಿ?" ಅಂದರೆ "ನೋಡು" ಅನ್ನುತ್ತಾಳೆ, ಅಷ್ಟೇ. ವೇಷಧಾರಿ ಪದ ತಪ್ಪಿದರೆ ಅವಳಿಗೆ ತಿಳಿಯುತ್ತದೆ. ಅದನ್ನು ಮರುದಿನ ರೊಟ್ಟಿ ಬಡಿಯುವಾಗ ಹೇಳುತ್ತಾಳೆ.

ನೀವೂ ಹಾಗೇ ಮಾಡಿ ಅಂತ ನನ್ನ ಸಲಹೆ. ಸಿನಿಮಾ ತನ್ನ ಕಾಲ ಮೇಲೆ ನಿಂತಿದೆಯಾ ಅಂತ ಓದಿದವರಿಗೆ ಗೊತ್ತೇ ಆಗುವುದಿಲ್ಲ. ಪರದೆಯ ಮೇಲೆ ಬಿಟ್ಟುಹೋದದ್ದನ್ನು ನಮ್ಮ ನೆನಪು ತಾನಾಗಿಯೇ ತುಂಬಿಕೊಳ್ಳುತ್ತದೆ. ಅದನ್ನು ಹೇಳಬಲ್ಲವರು ನಿಮ್ಮ ಮನೆಯವರಂಥವರು. ಅವರು ಎಲ್ಲಿ ಗಲಿಬಿಲಿಗೊಂಡರೋ ಅಲ್ಲಿ ಸಿನಿಮಾ ಸೋತಿದೆ. ಎಲ್ಲಿ ಪಾಪ್‌ಕಾರ್ನ್ ಮರೆತು ಕೂತರೋ ಅಲ್ಲಿ ಗೆದ್ದಿದೆ. ನೀವು ಕಿವಿಯಲ್ಲಿ ಪಿಸುಗುಟ್ಟುತ್ತಾ ಇದ್ದರೆ ಎರಡೂ ಕೆಡುತ್ತವೆ. ಮಾತಾಡಲೇಬೇಕು ಅನ್ನಿಸಿದರೆ ಇಂಟರ್ವಲ್ ಇದೆ. ಈ ಸಿನಿಮಾಗಳನ್ನು ಇಂಟರ್ವಲ್ ಇಟ್ಟುಕೊಂಡು ಮಾಡಿರುವುದಿಲ್ಲ, ನಮ್ಮ ಥಿಯೇಟರಿನವರು ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ನೀವು ಹೇಳಬೇಡಿ, ಕೇಳಿ. "ನಿಮಗ ಯಾರು ಸೇರಿದ್ರು?" ಅಂತ ಕೇಳಿದರೂ ಸಾಕು.

ಎಲ್ಲ ಸಿನಿಮಾಕ್ಕೂ ಈ ಉದಾರತೆ ಬೇಕಿಲ್ಲ. ಟೋಲ್ಕಿನ್ ಅವರದೇ 1937ರ 'ದ ಹಾಬಿಟ್' ಒಂದು ಪುಟ್ಟ ಪುಸ್ತಕ. ಅದನ್ನು 2012ರಿಂದ 2014ರವರೆಗೆ ಮೂರು ಸಿನಿಮಾ ಮಾಡಿ ಎಳೆದರು, ಪುಸ್ತಕದಲ್ಲಿಲ್ಲದ ಪ್ರೇಮಕಥೆಯನ್ನೂ ತುರುಕಿದರು. ಅಲ್ಲಿ ನೀವು ಎಷ್ಟು ಬೈದರೂ ನಾನು ನಿಮ್ಮ ಕಡೆ.

ಪುಸ್ತಕ ಓದಿಸುವ ಮಾತಿಗೆ ಬಂದರೆ, ಸಾವಿರ ಪುಟದ ಇಂಗ್ಲಿಷ್ ಪುಸ್ತಕವನ್ನು ತೊಗರಿ ಸೀಸನ್‌ನಲ್ಲಿ ಅವರ ಕೈಗೆ ಕೊಟ್ಟರೆ ಅದು ಶಿಕ್ಷೆಯೇ. ಬದಲಿಗೆ ಒಂದೇ ಒಂದು ಅಧ್ಯಾಯ ನೀವೇ ಕನ್ನಡದಲ್ಲಿ ಹೇಳಿ. ಕೊನೆಯಿಂದ ಎರಡನೆಯದು, ಸಿನಿಮಾ ಪೂರ್ತಿ ಕೈಬಿಟ್ಟಿದ್ದು. ಸಿನಿಮಾದಲ್ಲಿ ಫ್ರೋಡೋ ಮತ್ತು ಅವನ ಮೂವರು ಗೆಳೆಯರು ಊರಿಗೆ ಬಂದಾಗ ಎಲ್ಲ ಇದ್ದ ಹಾಗೇ ಇರುತ್ತದೆ. ಪುಸ್ತಕದಲ್ಲಿ ಹಾಗಲ್ಲ. ಊರು ಹಾಳಾಗಿದೆ. ಮರ ಕಡಿದಿದ್ದಾರೆ. ಹಳೆಯ ಮಿಲ್ ಕೆಡವಿ ದೊಡ್ಡದೊಂದು ಮಿಲ್ ಎಬ್ಬಿಸಿದ್ದಾರೆ, ಅದರ ಹೊಲಸು ಹಳ್ಳದ ನೀರಿಗೆ ಸೇರುತ್ತಿದೆ. ಲೋಕ ಉಳಿಸಿ ಬಂದವರು ತಮ್ಮ ಊರಿಗಾಗಿ ಇನ್ನೊಮ್ಮೆ ಹೊಡೆದಾಡಬೇಕಾಗುತ್ತದೆ. ಆಮೇಲೆ ಅವರಲ್ಲೊಬ್ಬನಾದ ಸ್ಯಾಮ್ ಊರೆಲ್ಲ ಸುತ್ತಿ ಸಸಿ ನೆಡುತ್ತಾನೆ.

ಮಿಲ್ ನಡೆಸುವವರಿಗೆ ಆ ಮಿಲ್ಲಿನ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ. ಅವರು ಏನಂದರು ಅನ್ನುವುದನ್ನು ನೀವು ಬರೆಯಬೇಡಿ, ಅವರ ಕೈಯಿಂದಲೇ ಎರಡು ಸಾಲು ಬರೆಸಿ ಕಳಿಸಿ. ಈ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.