ಒಂದೇ ಅಂಕಣದ ಮುಂದೆ ನಿಲ್ಲಿ: ಮೃತ ಸಮುದ್ರದ ಸುರುಳಿಗಳ ಕುರಿತ ನಿಮ್ಮ ಲೇಖನಕ್ಕೆ ಉತ್ತರ

ಮಾನ್ಯರೇ,

ನೀವು ಕಳುಹಿಸಿದ ‘ಮರುಭೂಮಿಯಲ್ಲಿ ಬಚ್ಚಿಟ್ಟ ಯೇಸುವಿನ ರಹಸ್ಯ’ ಎಂಬ ಲೇಖನವನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಾವು ಪ್ರಕಟಿಸಲಾರೆವು. ಆದರೆ ಒಂಬತ್ತನೆಯ ಪುಟದಲ್ಲಿ ಯೆಶಾಯನ ಸುರುಳಿಯ (ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ ಪ್ರತಿಯ) ಲಿಪಿಕಾರನ ಬಗ್ಗೆ ನೀವು ಬರೆದಿರುವ ಆರು ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಆ ಸಾಲುಗಳು ಇಲ್ಲದಿದ್ದರೆ ಎರಡು ವಾಕ್ಯಗಳ ಪತ್ರ ಸಾಕಾಗುತ್ತಿತ್ತು.

ಮೊದಲು ಶೀರ್ಷಿಕೆಯ ಮಾತು. ಮೃತ ಸಮುದ್ರದ ದಡದ ಬಳಿಯ ಕುಮ್ರಾನ್ ಎಂಬ ಸ್ಥಳದ ಸುತ್ತಲಿನ ಹನ್ನೊಂದು ಗವಿಗಳಲ್ಲಿ 1947ರಿಂದ 1956ರವರೆಗೆ ದೊರೆತ ಸುಮಾರು 900 ಪ್ರಾಚೀನ ಯೆಹೂದಿ ಹಸ್ತಪ್ರತಿಗಳ ಅವಶೇಷಗಳಲ್ಲಿ ಎಲ್ಲಿಯೂ ಯೇಸುವಿನ ಹೆಸರಿಲ್ಲ. ಸ್ನಾನಿಕ ಯೋಹಾನನ ಹೆಸರೂ ಪೌಲನ ಹೆಸರೂ ಇಲ್ಲ. ಲಿಪಿಯ ಸ್ವರೂಪದಿಂದಲೂ ಇಂಗಾಲದ ಪರೀಕ್ಷೆಯಿಂದಲೂ ತಿಳಿದುಬಂದಿರುವಂತೆ ಅವು ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಕ್ರಿಸ್ತಶಕ ಒಂದನೆಯ ಶತಮಾನದವರೆಗಿನವು, ಅವುಗಳಲ್ಲಿ ಹೆಚ್ಚಿನವು ಯೇಸು ಹುಟ್ಟುವ ಮೊದಲೇ ಬರೆದವು. ಏಳನೆಯ ಗವಿಯ ಗ್ರೀಕ್ ತುಣುಕೊಂದು ಮಾರ್ಕನ ಸುವಾರ್ತೆಯದೆಂದು ನೀವು ಖಚಿತವಾಗಿ ಬರೆದಿದ್ದೀರಿ. ಅದು 1972ರಲ್ಲಿ ಒಬ್ಬ ವಿದ್ವಾಂಸರು ಮಂಡಿಸಿದ ವಾದ, ಬಹುಪಾಲು ತಜ್ಞರು ಅದನ್ನು ಒಪ್ಪಿಲ್ಲ. ಆ ತುಣುಕಿನಲ್ಲಿ ಪೂರ್ತಿಯಾಗಿ ಓದಲು ಸಿಗುವ ಪದ ಒಂದೇ, ಅದರ ಅರ್ಥ ‘ಮತ್ತು’. ಅಷ್ಟು ತೆಳುವಾದ ಆಧಾರದ ಮೇಲೆ ಅಷ್ಟು ಭಾರವಾದ ಮಾತನ್ನು ಇಡಬೇಡಿ.

ನಾಲ್ಕನೆಯ ಪುಟದಲ್ಲಿ, ಯೇಸುವಿನ ನುಡಿಗಳ ಸಂಗ್ರಹವಾದ ತೋಮನ ಸುವಾರ್ತೆಯನ್ನು ಕುಮ್ರಾನಿನ ಗವಿಗಳಿಗೆ ಸೇರಿಸಿದ್ದೀರಿ. ಅದು ದೊರೆತದ್ದು 1945ರಲ್ಲಿ, ಈಜಿಪ್ಟಿನ ನಗ್ ಹಮ್ಮಾದಿಯಲ್ಲಿ. ಭಾಷೆ ಕಾಪ್ಟಿಕ್, ರೂಪ ಸುರುಳಿಯದಲ್ಲ, ಹೊಲಿದ ಪುಸ್ತಕದ್ದು, ಕಾಲ ನಾಲ್ಕನೆಯ ಶತಮಾನ. ದೇಶ, ಭಾಷೆ, ಕಾಲ ಮೂರೂ ಬೇರೆಯಾದ ಎರಡು ಸಂಗ್ರಹಗಳನ್ನು ಒಂದೇ ಗವಿಗೆ ತುಂಬಿದಾಗ, ವಿಷಯ ಬಲ್ಲ ಓದುಗರು ಅಲ್ಲಿಯೇ ಲೇಖನವನ್ನು ಕೆಳಗಿಡುತ್ತಾರೆ. ಹಾಗೆಯೇ ಸುರುಳಿಗಳನ್ನು ನೀವು ಪದೇ ಪದೇ ‘ಓಲೆಗಳು’ ಎಂದು ಕರೆದಿದ್ದೀರಿ. ನಮ್ಮ ಓದುಗರ ಕಣ್ಣಿಗೆ ಓಲೆ ಎಂದೊಡನೆ ತಾಳೆಗರಿ ಬರುತ್ತದೆ. ಇವು ಬಹುಮಟ್ಟಿಗೆ ಹದಮಾಡಿದ ಚರ್ಮದ ಮೇಲೆ ಬರೆದವು, ಕೆಲವು ಪಪೈರಸ್ ಮೇಲೆ. ‘ಚರ್ಮದ ಸುರುಳಿ’ ಎಂದರೆ ಸಾಕು.

ವ್ಯಾಟಿಕನ್ ಇವನ್ನು ಮುಚ್ಚಿಟ್ಟಿತ್ತು ಎಂಬ ಭಾಗವನ್ನು ಪೂರ್ತಿ ತೆಗೆದುಹಾಕಿ. ಪ್ರಕಟಣೆ ವಿಳಂಬವಾದದ್ದು ನಿಜ, ಅದರ ಬಗ್ಗೆ ವಿದ್ವಾಂಸರಲ್ಲೇ ಕಟುವಾದ ಅಸಮಾಧಾನವಿದ್ದದ್ದೂ ನಿಜ. 1952ರಲ್ಲಿ ನಾಲ್ಕನೆಯ ಗವಿಯಿಂದ ಹೊರಬಂದ ಸಾವಿರಾರು ಚೂರುಗಳನ್ನು ಬೆರಳೆಣಿಕೆಯ ಜನರಿಗೆ ಹಂಚಲಾಯಿತು. ತಮ್ಮ ಪಾಲಿನ ಚೂರುಗಳನ್ನು ಬೇರೆಯವರಿಗೆ ತೋರಿಸದೆ ಅವರು ದಶಕಗಳನ್ನು ಕಳೆದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಗ್ರಂಥಾಲಯ ತನ್ನಲ್ಲಿದ್ದ ಛಾಯಾಚಿತ್ರಗಳನ್ನು ಎಲ್ಲ ಸಂಶೋಧಕರಿಗೂ ತೆರೆದ ಮೇಲೆ ಆ ಬಿಗಿ ಸಡಿಲವಾಯಿತು. ವಿದ್ವತ್ತಿನ ಒಡೆತನದ ಈ ಕಥೆಯೇ ಸಾಕಷ್ಟು ಗಂಭೀರವಾಗಿರುವಾಗ ಅದರ ಮೇಲೆ ಒಳಸಂಚನ್ನು ಹೊದಿಸುವ ಅಗತ್ಯವಿಲ್ಲ.

ನಿಮ್ಮ ಭಾಷೆಯ ಬಗ್ಗೆ ಒಂದೇ ಮಾತು ಹೇಳುತ್ತೇನೆ. ‘ಎನ್ನಲಾಗಿದೆ’, ‘ಹೇಳಲಾಗುತ್ತದೆ’, ‘ನಂಬಲಾಗಿದೆ’ ಎಂಬ ಕ್ರಿಯಾಪದಗಳು ಹನ್ನೆರಡು ಪುಟಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬಂದಿವೆ. ಯಾರು ಅನ್ನುತ್ತಾರೆ, ಯಾವ ಆಧಾರದಿಂದ ಅನ್ನುತ್ತಾರೆ ಎಂದು ಪ್ರತಿಸಲವೂ ಕೇಳಿಕೊಳ್ಳಿ. ಉದಾಹರಣೆಗೆ, ಸುರುಳಿಗಳನ್ನು ಬರೆದವರು ಎಸ್ಸೀನರು ಎಂಬ ಯೆಹೂದಿ ಪಂಥದವರು ಎಂದು ನೀವು ಹೇಳುವುದು ಬಹಳ ಮಂದಿ ವಿದ್ವಾಂಸರ ನಿಲುವೇ. ಆದರೆ ಎಸ್ಸೀನರು ಎಂಬ ಹೆಸರು ಸುರುಳಿಗಳಲ್ಲಿ ಇಲ್ಲ; ಮೃತ ಸಮುದ್ರದ ಪಶ್ಚಿಮಕ್ಕೆ ಅವರು ವಾಸಿಸುತ್ತಿದ್ದರೆಂದು ರೋಮನ್ ಲೇಖಕ ಪ್ಲಿನಿ ಬರೆದದ್ದನ್ನೂ, ಅವರ ನೇಮಗಳ ಬಗ್ಗೆ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದದ್ದನ್ನೂ ಸುರುಳಿಗಳ ಪಕ್ಕದಲ್ಲಿಟ್ಟು ಮಾಡಿದ ಊಹೆ ಅದು. ಊಹೆಯನ್ನು ಊಹೆಯೆಂದೇ ಬರೆದರೆ ಲೇಖನದ ತೂಕ ಹೆಚ್ಚುತ್ತದೆ.

ಇನ್ನು ಮುಖ್ಯವಾದ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ‘ಬೆಳಕಿನ ಮಕ್ಕಳು’ ಎಂಬ ಮಾತು ಸುರುಳಿಗಳಲ್ಲಿಯೂ ಯೋಹಾನನ ಸುವಾರ್ತೆಯಲ್ಲಿಯೂ ಇದೆ. ‘ದೇವರ ಮಗ’, ‘ಪರಾತ್ಪರನ ಮಗ’ ಎಂಬ ಬಿರುದುಗಳು ಒಂದು ಅರಾಮಿಕ್ ತುಣುಕಿನಲ್ಲಿಯೂ ಲೂಕನ ಮೊದಲನೆಯ ಅಧ್ಯಾಯದಲ್ಲಿಯೂ ಜೊತೆಯಾಗಿ ಬರುತ್ತವೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ವಾದಿಸುವ ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂಬ ನುಡಿಗಟ್ಟಿನ ಹೀಬ್ರೂ ರೂಪ ನಾಲ್ಕನೆಯ ಗವಿಯ ಒಂದು ಬರಹದಲ್ಲಿ ಸಿಕ್ಕಿದೆ. ಇವೆಲ್ಲವನ್ನೂ ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಆದರೆ ಅವುಗಳಿಂದ ನೀವು ಎಳೆದ ತೀರ್ಮಾನ, ಅಂದರೆ ಕ್ರೈಸ್ತರು ಇವನ್ನು ಕುಮ್ರಾನಿನಿಂದ ‘ನಕಲು ಮಾಡಿದರು’ ಎಂಬುದು, ಈ ಸಾಕ್ಷ್ಯದಿಂದ ಹೊರಡುವುದಿಲ್ಲ. ಯೇಸುವೂ ಪೌಲನೂ ಯೆಹೂದಿಗಳು. ಅವರೂ ಕುಮ್ರಾನಿನವರೂ ಅದೇ ಪ್ರವಾದಿಗಳನ್ನು ಓದಿದವರು, ಅದೇ ಕಾಲದ ಸಂಕಟಗಳ ನಡುವೆ ಅದೇ ಬಿಡುಗಡೆಗಾಗಿ ಕಾದವರು. ಸುವಾರ್ತೆಯ ಭಾಷೆ ಹೊರಗಿನಿಂದ ಬಂದು ಸೇರಿದ್ದಲ್ಲ, ಆ ಕಾಲದ ಯೆಹೂದಿ ಬದುಕಿನ ಒಳಗಿನಿಂದಲೇ ಹುಟ್ಟಿದ್ದು ಎಂಬುದನ್ನು ಈ ಸುರುಳಿಗಳು ಕಣ್ಣಿಗೆ ಕಾಣುವಂತೆ ತೋರಿಸುತ್ತವೆ. ನನಗೆ ಅದು ನಿಮ್ಮ ‘ರಹಸ್ಯ’ಕ್ಕಿಂತ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಅದನ್ನು ತೋರಿಸಲು ನಿಮ್ಮ ಒಂಬತ್ತನೆಯ ಪುಟವೊಂದೇ ಸಾಕು. ಹದಿನೇಳು ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ, ಏಳು ಮೀಟರಿಗಿಂತ ಉದ್ದವಾದ, 54 ಅಂಕಣಗಳ (ಅಕ್ಕಪಕ್ಕದಲ್ಲಿ ಬರೆದ ಬರಹದ ಪಟ್ಟಿಗಳ) ಯೆಶಾಯನ ಸುರುಳಿಯಲ್ಲಿ ಒಬ್ಬ ಲಿಪಿಕಾರ ಒಂದು ಸಾಲನ್ನು ಬಿಟ್ಟಿದ್ದಾನೆ, ಇನ್ನೊಂದು ಕೈ ಅದನ್ನು ಸಾಲುಗಳ ನಡುವೆಯೂ ಎಡ ಅಂಚಿನ ಉದ್ದಕ್ಕೂ ತುರುಕಿದೆ ಎಂದು ಬರೆದು, ನೀವು ಮುಂದಿನ ರಹಸ್ಯಕ್ಕೆ ಓಡಿಬಿಟ್ಟಿರಿ. ಅಲ್ಲಿಯೇ ನಿಲ್ಲಬೇಕಿತ್ತು. ಬಿಟ್ಟುಹೋದದ್ದು ನಲವತ್ತನೆಯ ಅಧ್ಯಾಯದ ಏಳು ಮತ್ತು ಎಂಟನೆಯ ವಚನಗಳ ಭಾಗ. ‘ಹುಲ್ಲು ಒಣಗುವುದು, ಹೂವು ಬಾಡುವುದು’ ಎಂಬ ಮಾತು ಅಲ್ಲಿ ಎರಡು ಸಲ ಬರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಕಣ್ಣು ಜಿಗಿದು ನಡುವಿನದು ತಪ್ಪಿಹೋಗಿರಬಹುದು. ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆ ಮಾಡಿದವರಿಗೆ ಇಂಥ ಕಣ್ತಪ್ಪು ಹೊಸದಲ್ಲ. ಆದರೆ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟಿನಲ್ಲಿಯೂ ಆ ಭಾಗವಿಲ್ಲ, ಪೇತ್ರನ ಮೊದಲನೆಯ ಪತ್ರ ಈ ವಚನಗಳನ್ನು ಉದ್ಧರಿಸುವಾಗ ಆ ಚಿಕ್ಕ ಪಾಠವನ್ನೇ ಬಳಸುತ್ತದೆ. ಹಾಗಾದರೆ ಇದು ಒಬ್ಬನ ಕಣ್ತಪ್ಪೋ, ಅಥವಾ ಚಿಕ್ಕ ಪಾಠವೇ ಹಳೆಯದೋ? ಹೊಸ ಒಡಂಬಡಿಕೆಯ ಒಂದು ಉದ್ಧರಣೆಯ ಹಿಂದೆ ಹೀಬ್ರೂ ಪಾಠಾಂತರದ ಚರಿತ್ರೆಯೇ ನಿಂತಿರುವುದನ್ನು ಓದುಗರಿಗೆ ಹೀಗೆ ಒಂದೇ ಅಂಕಣದಲ್ಲಿ ತೋರಿಸಬಹುದು.

ಅದೇ ಅಂಕಣದಲ್ಲಿ, ಕೆಲವೇ ಸಾಲು ಮೇಲೆ, ಮೂರನೆಯ ವಚನವಿದೆ. ‘ಕೂಗುವ ಒಂದು ದನಿ: ಬೆಂಗಾಡಿನಲ್ಲಿ ದಾರಿಯನ್ನು ಸಿದ್ಧಮಾಡಿರಿ’ ಎಂಬುದು ಹೀಬ್ರೂವಿನ ಸಹಜ ಅನ್ವಯ. ಕುಮ್ರಾನಿನ ಸಮುದಾಯದ ನಿಯಮಗಳ ಸುರುಳಿ ಈ ವಚನವನ್ನೇ ಉದ್ಧರಿಸಿ, ಆ ದಾರಿಯೆಂದರೆ ಮೋಶೆಯ ಮೂಲಕ ಬಂದ ಧರ್ಮಶಾಸ್ತ್ರದ ಅಧ್ಯಯನ ಎಂದು ವಿವರಿಸುತ್ತದೆ. ಊರು ಬಿಟ್ಟು ಬೆಂಗಾಡಿಗೆ ಹೋದವರಿಗೆ ಅದು ತಮ್ಮ ಬದುಕಿನ ಆಧಾರವಚನವಾಗಿತ್ತು. ಗ್ರೀಕ್ ಪಾಠವನ್ನು ಅನುಸರಿಸಿದ ಮಾರ್ಕನಲ್ಲಿ ‘ಬೆಂಗಾಡಿನಲ್ಲಿ’ ಎಂಬ ಪದ ದನಿಯ ಕಡೆಗೆ ಸರಿದು, ಬೆಂಗಾಡಿನಲ್ಲಿ ಕೂಗುವವನು ಸ್ನಾನಿಕ ಯೋಹಾನನಾಗುತ್ತಾನೆ. ಒಂದೇ ವಚನ, ಒಂದು ವಿರಾಮದ ವ್ಯತ್ಯಾಸ, ಎರಡು ಸಮುದಾಯಗಳು. ಯಾರೂ ಯಾರಿಂದಲೂ ಕದಿಯಲಿಲ್ಲ. (ನಮ್ಮ ಸತ್ಯವೇದದಲ್ಲಿರುವ ‘ಅಡವಿ’ ಎಂಬ ಪದದಿಂದ ಓದುಗರ ಮನಸ್ಸಿಗೆ ಮರಗಳು ಬರುತ್ತವೆ, ಅಲ್ಲಿರುವುದು ಕಲ್ಲುಬೆಟ್ಟಗಳ ಒಣನೆಲ ಎಂದು ಒಂದು ವಾಕ್ಯದಲ್ಲಿ ತಿಳಿಸಿ.)

ನೀವು ಗಮನಿಸದ ಒಂದು ವಿವರವನ್ನೂ ಹೇಳಿಬಿಡುತ್ತೇನೆ. ಯೆಶಾಯನ ಸುರುಳಿಯಲ್ಲಿ ಬಿಟ್ಟ ಭಾಗವನ್ನು ಸೇರಿಸಿದ ಆ ಎರಡನೆಯ ಕೈ, ದೇವರ ಹೆಸರು ಬರಬೇಕಾದ ಕಡೆ ಅದನ್ನು ಬರೆಯದೆ ನಾಲ್ಕು ಚುಕ್ಕೆಗಳನ್ನಿಟ್ಟಿದೆ. ನಿಯಮಗಳ ಸುರುಳಿಯಲ್ಲಿ ಆ ಮೂರನೆಯ ವಚನವನ್ನು ಉದ್ಧರಿಸುವಾಗಲೂ ದೇವರ ಹೆಸರಿನ ಜಾಗದಲ್ಲಿ ಅವೇ ನಾಲ್ಕು ಚುಕ್ಕೆಗಳಿವೆ. ಎರಡೂ ಒಬ್ಬನದೇ ಕೈ ಎಂದು ಹಲವು ಲಿಪಿತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ಆದ್ದರಿಂದ ಹನ್ನೊಂದು ಪುಟಗಳನ್ನು ಬದಿಗಿಟ್ಟು ಈ ಒಂದು ಅಂಕಣದ ಮೇಲೆ ಸಾವಿರದ ಐನೂರು ಪದಗಳ ಲೇಖನ ಬರೆಯಿರಿ. ಅದನ್ನು ಓದಲು ನಾನು ಕಾದಿರುತ್ತೇನೆ. ಯೆಶಾಯನ ಸುರುಳಿಯ ಸ್ಪಷ್ಟವಾದ ಚಿತ್ರಗಳನ್ನು ಇಸ್ರೇಲ್ ಮ್ಯೂಸಿಯಂ 2011ರಿಂದ ಎಲ್ಲರಿಗೂ ನೋಡಲು ಕೊಟ್ಟಿದೆ. ಬರೆಯಲು ಕೂರುವ ಮೊದಲು 33ನೆಯ ಅಂಕಣವನ್ನು ತೆರೆದು, ಎಡ ಅಂಚಿನಲ್ಲಿ ಕೆಳಗಿಳಿಯುವ ಆ ಅಕ್ಷರಗಳನ್ನೂ ಅವುಗಳ ನಡುವಿನ ನಾಲ್ಕು ಚುಕ್ಕೆಗಳನ್ನೂ ನಿಮ್ಮ ಕಣ್ಣಿನಿಂದಲೇ ನೋಡಿ.

ಇಂತಿ,
ಸಂಪಾದಕ